ಮರಳ ಮೇಲಿನ ಕುದುರೆಗೆ ಐನೂರು ವರ್ಷ

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಅದನ್ನು ಕಟ್ಟಿದ ಹಿರಿಯರು ಮುಂಬಯಿಯ ಜುಹೂ ದಂಡೆಯನ್ನಾಗಲಿ ಚೆನ್ನೈನ ಮರೀನಾವನ್ನಾಗಲಿ ನೋಡಿದವರಲ್ಲ. ಆದರೂ ಭಾನುವಾರ ಸಂಜೆ ಸಮುದ್ರದ ಕಡೆ ಹೋದವರಿಗೆ ಆ ಮಾತು ಎಷ್ಟು ಸರಿ ಅನ್ನಿಸುತ್ತದೆ! ಅಷ್ಟು ಹೊತ್ತು ಅಲೆಗಳ ಹಿಂದೆ ಮುಂದೆ ಓಡಿದ ಮಗು, ಬಣ್ಣದ ಕುಚ್ಚು ಕಟ್ಟಿಕೊಂಡು ಗೆಜ್ಜೆ ಕುಣಿಸುತ್ತ ಬರುವ ಕುದುರೆಯನ್ನು ಕಂಡದ್ದೇ ತಡ, ಇನ್ನು ಒಂದು ಹೆಜ್ಜೆಯೂ ನಡೆಯಲಾರೆ ಎಂದು ಹಠ ಹಿಡಿಯುತ್ತದೆ. ಊರಿಂದ ಬಂದ ನೆಂಟರಿದ್ದರಂತೂ ಮಾತೇ ಬೇಡ. ಭೇಲ್‌ಪುರಿ, ಬಲೂನು, ಕುದುರೆ ಸವಾರಿ, ಒಂದು ಫೋಟೋ, ಇಷ್ಟಾದರೆ ಊರು ತೋರಿಸಿದ ಹಾಗೆ.

ಈ ಕುದುರೆ ದಂಡೆಗೆ ಬಂದದ್ದು ಹೇಗೆ ಎಂದು ಯಾವಾಗಲಾದರೂ ಯೋಚಿಸಿದ್ದೀರಾ? ಕಡ್ಲೆಕಾಯಿ ಗಾಡಿಯ ಹಾಗೆ ಜನ ಸೇರಿದ ಮೇಲೆ ವ್ಯಾಪಾರಕ್ಕೆ ಬಂದದ್ದು ಎಂದು ನಾವು ತಿಳಿದಿರುತ್ತೇವೆ. ನಿಜ ಸಂಗತಿ ತಲೆಕೆಳಗು. ನಮ್ಮ ಪಶ್ಚಿಮ ಮತ್ತು ಪೂರ್ವ ಕರಾವಳಿಗಳಲ್ಲಿ ಪ್ರವಾಸಿಗರಿಗಿಂತ ನೂರಾರು ವರ್ಷ ಮೊದಲೇ ಕುದುರೆ ಮರಳಿನ ಮೇಲೆ ಕಾಲಿಟ್ಟಿತ್ತು. ಅದು ಬಂದದ್ದೇ ಸಮುದ್ರದಿಂದ.

ದಕ್ಷಿಣದ ಹವೆ, ಮೇವು ಎರಡೂ ದೊಡ್ಡ ಜಾತಿಯ ಕುದುರೆಗೆ ಒಗ್ಗುತ್ತಿರಲಿಲ್ಲ. ಆದರೆ ರಾಜರಿಗೆ ಯುದ್ಧಕ್ಕೆ ಬೇಕಾದದ್ದು ಅಂಥವೇ. ಹಾಗಾಗಿ ಅರಬ್ಬೀ ಮತ್ತು ಪಾರಸಿ ನಾಡಿನ ಕುದುರೆಗಳು ಹಾರ್ಮುಜ್, ಏಡನ್ ಬಂದರುಗಳಿಂದ ಹಡಗೇರಿ ಬರುತ್ತಿದ್ದವು. 13ನೇ ಶತಮಾನದ ಕೊನೆಗೆ ಈ ಕಡೆ ಬಂದ ಮಾರ್ಕೋ ಪೋಲೋ ಆ ಹಡಗುಗಳ ವರ್ಣನೆ ಕೊಟ್ಟಿದ್ದಾನೆ. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನಿಂದ ಹೊಲಿದಿದ್ದರು. ಮೇಲ್ಮಾಳಿಗೆ ಇರಲಿಲ್ಲ. ಸರಕಿನ ಮೇಲೆ ಚರ್ಮ ಹೊದಿಸಿ, ಅದರ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರು. ಅರಬ್ಬೀ ಸಮುದ್ರದ ಅಲೆಗಳ ಮೇಲೆ ವಾರಗಟ್ಟಲೆ ಹಾಗೆ ನಿಂತು ಬರುವುದೆಂದರೆ ಏನು, ಊಹಿಸಿಕೊಳ್ಳಿ. ತಮಿಳು ಕರಾವಳಿಯ ರಾಜನೂ ಅವನ ಸಹೋದರರೂ ವರ್ಷಕ್ಕೆ ಸಾವಿರಾರು ಕುದುರೆ ಕೊಳ್ಳುತ್ತಾರೆ, ಆರೈಕೆ ತಿಳಿಯದ ಕಾರಣ ವರ್ಷ ತುಂಬುವುದರೊಳಗೆ ಹೆಚ್ಚಿನವು ಸತ್ತುಹೋಗುತ್ತವೆ ಎಂದೂ ಅವನು ಬರೆದಿದ್ದಾನೆ. ವ್ಯಾಪಾರಿಗಳಿಗೆ ಅದರಿಂದ ನಷ್ಟವೇನಿಲ್ಲ. ಸತ್ತಷ್ಟೂ ಬೇಡಿಕೆ!

ಮುಂಬಯಿ, ಪುಣೆಯ ಕೇಳುಗರಿಗೆ ಹತ್ತಿರದ ಒಂದು ಕಥೆ ಹೇಳುತ್ತೇನೆ. ಅಲಿಬಾಗಿನ ಕಡೆ ವಾರಾಂತ್ಯಕ್ಕೆ ಹೋಗುವವರು ರೇವದಂಡಾ ದಾಟಿರುತ್ತೀರಿ. ಅದರ ಪಕ್ಕದ ಚೌಲ್ ಒಂದು ಕಾಲದಲ್ಲಿ ದೊಡ್ಡ ಬಂದರು. ಸುಮಾರು 1469-71ರ ಹೊತ್ತಿಗೆ ಅಲ್ಲಿ ಒಂದು ಗಂಡು ಕುದುರೆಯ ಜೊತೆ ಇಳಿದವನು ಅಫನಾಸಿ ನಿಕಿತಿನ್ ಎಂಬ ರಷ್ಯನ್ ವ್ಯಾಪಾರಿ. ಭಾರತದಲ್ಲಿ ಕುದುರೆಗೆ ಚಿನ್ನದ ಬೆಲೆ ಎಂದು ಕೇಳಿ, ಇದ್ದ ಬಂಡವಾಳವನ್ನೆಲ್ಲ ಆ ಒಂದು ಕುದುರೆಯ ಮೇಲೆ ಹಾಕಿದ್ದ. ಜುನ್ನರ್ ತಲುಪುವ ಹೊತ್ತಿಗೆ ನೂರು ರೂಬಲ್ ಖರ್ಚು ಬಿದ್ದಿತ್ತು ಎಂದು ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ಜುನ್ನರಿನ ಖಾನ ಆ ಕುದುರೆಯನ್ನು ಕಿತ್ತುಕೊಂಡು, ನಮ್ಮ ಮತಕ್ಕೆ ಸೇರಿದರೆ ಕುದುರೆಯೂ ನಿನ್ನದು, ಮೇಲೆ ಸಾವಿರ ಹೊನ್ನೂ ನಿನ್ನದು, ಇಲ್ಲವಾದರೆ ಎರಡೂ ಇಲ್ಲ ಎಂದು ನಾಲ್ಕು ದಿನದ ಗಡುವು ಕೊಟ್ಟ. ಖೊರಾಸಾನಿನ ಮಹಮ್ಮದ್ ಎಂಬ ವ್ಯಾಪಾರಿ ಮಧ್ಯೆ ಬಂದು ಬೇಡಿಕೊಂಡದ್ದರಿಂದ ಕುದುರೆ ಮರಳಿ ಸಿಕ್ಕಿತು. ಕೊನೆಗೆ ನಿಕಿತಿನ್ ಅದನ್ನು ಮಾರಿದ್ದು ಎಲ್ಲಿ ಗೊತ್ತೇ? ನಮ್ಮ ಬೀದರಿನಲ್ಲಿ!

ಬಹಮನಿ ಸುಲ್ತಾನರ ಆ ರಾಜಧಾನಿಯಲ್ಲಿ ಅವನು ಬಹಳ ದಿನ ಇದ್ದ. ಶೇಖ್ ಅಲಾವುದ್ದೀನರ ಹೆಸರಿನ ಜಾತ್ರೆಯಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ, 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಬರೆದಿದ್ದಾನೆ. ಸಂಖ್ಯೆ ಸ್ವಲ್ಪ ಉಬ್ಬಿರಬಹುದು, ಜಾತ್ರೆ ದೊಡ್ಡದಿತ್ತು ಎಂಬುದರಲ್ಲಿ ಸಂಶಯವಿಲ್ಲ. ಇಲ್ಲಿಯ ಕುದುರೆಗಳಿಗೆ ಕಾಳು ಹಾಕುತ್ತಾರೆ, ಸಕ್ಕರೆ ಎಣ್ಣೆ ಬೆರೆಸಿದ ಖಿಚಡಿ ತಿನ್ನಿಸುತ್ತಾರೆ ಎಂಬುದು ಅವನಿಗೆ ಸೋಜಿಗವಾಗಿ ಕಂಡಿತ್ತು. (ಹುರುಳಿಗೆ ಇಂಗ್ಲಿಷರು ಇಟ್ಟ ಹೆಸರಿನಲ್ಲೇ ಕುದುರೆ ಇದೆ ಎಂಬುದನ್ನು ಇಲ್ಲಿ ನೆನೆಯಬಹುದು. ಹುರುಳಿ ಸಾರು ಉಣ್ಣುವ ನಮಗೆ ಅದು ಅಷ್ಟೇನೂ ಮರ್ಯಾದೆಯ ಹೆಸರಲ್ಲ, ಇರಲಿ.) ಈ ನಿಕಿತಿನ್‌ನ ಕಥೆಯೇ 1957ರಲ್ಲಿ ಬಲರಾಜ್ ಸಾಹನಿ, ನರ್ಗಿಸ್ ಅಭಿನಯಿಸಿದ ‘ಪರದೇಸಿ’ ಚಿತ್ರವಾಯಿತು. 2002ರಲ್ಲಿ ರೇವದಂಡಾದಲ್ಲಿ ಅವನ ಹೆಸರಿನ ಒಂದು ಸ್ಮಾರಕವೂ ಬಂತು. ಅವನ ಕುದುರೆಗೆ ಹೆಸರಿತ್ತೋ ಇಲ್ಲವೋ, ಅವನು ಬರೆದಿಲ್ಲ.

ಬಹಮನಿಗಳಿಗೆ ಚೌಲ್, ದಾಭೋಲ್ ಇದ್ದ ಹಾಗೆ ವಿಜಯನಗರಕ್ಕೆ ಭಟ್ಕಳ, ಹೊನ್ನಾವರ. ಈಗ ಮುರುಡೇಶ್ವರಕ್ಕೆ ಹೋಗಿ ದೊಡ್ಡ ಶಿವನ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವಲ್ಲ, ಅದು ಅದೇ ಭಟ್ಕಳ ತಾಲ್ಲೂಕು. ಆ ತೀರದಲ್ಲಿ ಇಳಿದ ಕುದುರೆ ಘಟ್ಟ ಹತ್ತಿ ಹಂಪೆ ಸೇರಬೇಕಿತ್ತು. ಹಂಪೆಗೆ ಹೋದಾಗ ಮಹಾನವಮಿ ದಿಬ್ಬದ ಕೆಳಗಿನ ಸಾಲುಗಳನ್ನು ನಿಧಾನವಾಗಿ ನೋಡಿ. ಕುದುರೆಗಳನ್ನು ಹಿಡಿದು ನಡೆಸುವ, ಟೋಪಿ ತೊಟ್ಟ, ನಮ್ಮವರಂತೆ ಕಾಣದ ಗಂಡಸರು ಅಲ್ಲಿದ್ದಾರೆ. ಅವರೇ ಈ ವ್ಯಾಪಾರಿಗಳು ಎಂದು ವಿದ್ವಾಂಸರು ಗುರುತಿಸುತ್ತಾರೆ.

1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಫೆರ್ನಾವೊ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ಆದ್ದರಿಂದ ಲೆಕ್ಕದ ವಿಷಯದಲ್ಲಿ ಅವನ ಮಾತಿಗೆ ತೂಕ ಹೆಚ್ಚು. ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ, ಉತ್ತಮವಾದವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ಉಳಿದವನ್ನು ದಂಡನಾಯಕರಿಗೆ ಕೊಡುತ್ತಿದ್ದ ಎನ್ನುತ್ತಾನೆ. ಅದಕ್ಕೂ ಹಿಂದಿನ ಸಾಳುವ ನರಸಿಂಹನ ಬಗ್ಗೆ ಅವನು ಹೇಳುವ ಮಾತು ಇನ್ನೂ ಸ್ವಾರಸ್ಯದ್ದು. ಮೂರು ಕುದುರೆಗೆ ಸಾವಿರ ಪರದಾವು ಎಂದು ದರ. ಜೀವಂತವಾಗಿ ಬಂದರೂ ಅಷ್ಟೇ, ಸತ್ತು ಬಂದರೂ ಅಷ್ಟೇ. ಸಮುದ್ರದಲ್ಲೇ ಸತ್ತರೆ ಬಾಲ ಕತ್ತರಿಸಿ ತಂದು ತೋರಿಸಿದರೆ ಸಾಕು, ಪೂರ್ತಿ ಹಣ! ಇದು ದೊರೆಯ ಔದಾರ್ಯ ಎಂದು ತಿಳಿಯಬೇಡಿ, ಪಕ್ಕಾ ಲೆಕ್ಕಾಚಾರ. ನಷ್ಟದ ಭಯವಿಲ್ಲದ ವ್ಯಾಪಾರಿ ಮತ್ತೆ ಬರುತ್ತಾನೆ, ಕುದುರೆ ತನ್ನ ಶತ್ರುವಿಗೆ ಹೋಗುವುದಿಲ್ಲ. ಇದೇ ಕುದುರೆಗಾಗಿ 1547ರಲ್ಲಿ ವಿಜಯನಗರಕ್ಕೂ ಗೋವೆಯ ಪೋರ್ಚುಗೀಸರಿಗೂ ಒಪ್ಪಂದವೇ ಆಯಿತು. ಗೋವೆಗೆ ಬಂದ ಕುದುರೆಗಳನ್ನು ವಿಜಯನಗರಕ್ಕಲ್ಲದೆ ಬೇರೆಯವರಿಗೆ ಮಾರಕೂಡದು ಎಂಬುದು ಅದರ ತಿರುಳು. 1565ರ ತಾಳಿಕೋಟೆ ಯುದ್ಧದ ನಂತರ ಆ ವೈಭವ ಕರಗಿತು.

ಸತ್ತ ಕುದುರೆಯ ಬಾಲಕ್ಕೂ ಹೊನ್ನು ಕೊಟ್ಟ ಕಾಲ ಅದು. ಈ ಬಾಲದ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಪೂರ್ವ ತೀರಕ್ಕೆ ಬನ್ನಿ. ಚೆನ್ನೈನವರು ಇಂದು ನೋಡುವ ಅಗಲವಾದ ಮರಳು ಇನ್ನೂರು ವರ್ಷದ ಹಿಂದೆ ಇರಲಿಲ್ಲ. 1875ರಲ್ಲಿ ಕೃತಕ ಬಂದರಿನ ಕೆಲಸ ಆರಂಭವಾದ ಮೇಲೆ, ಅದರ ಗೋಡೆಗಳಿಂದಾಗಿ ದಕ್ಷಿಣಕ್ಕೆ ಮರಳು ಸೇರುತ್ತ ಹೋಗಿ ದಂಡೆ ಬೆಳೆಯಿತು. ಗವರ್ನರ್ ಗ್ರಾಂಟ್ ಡಫ್ 1880ರ ದಶಕದಲ್ಲಿ ಅಲ್ಲಿ ವಿಹಾರದ ಹಾದಿ ಮಾಡಿಸಿ ‘ಮರೀನಾ’ ಎಂಬ ಇಟಾಲಿಯನ್ ಹೆಸರಿಟ್ಟ. ಬಂದರು ಇಲ್ಲದ ಕಾಲದಲ್ಲಿ ಹಡಗುಗಳು ದೂರದಲ್ಲೇ ಲಂಗರು ಹಾಕಬೇಕಿತ್ತು. ಅಲೆಗಳ ಹೊಡೆತ ತಡೆಯುವ, ನಾರಿನಿಂದ ಹೊಲಿದ ಮಸೂಲಾ ದೋಣಿಗಳಲ್ಲಿ ಜನ ಮತ್ತು ಸರಕು ದಡ ಸೇರುತ್ತಿದ್ದವು. 1830ರ ದಶಕದಿಂದ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಿಂದ ಇಲ್ಲಿಯ ಸೈನ್ಯಕ್ಕೆ ಕುದುರೆ ಬರತೊಡಗಿತು. ‘ವೇಲ್ಸ್’ನಿಂದ ಬಂದದ್ದು ‘ವೇಲರ್’ ಆಯಿತು. ಜೆ.ಬಿ. ಈಸ್ಟ್ ಎಂಬ ಕಲಾವಿದನ 1834ರ ಸುಮಾರಿನ ಒಂದು ಚಿತ್ರವಿದೆ. ಅದರ ವಸ್ತು ಮದರಾಸಿನ ಕಡಲಲ್ಲಿ ಆಸ್ಟ್ರೇಲಿಯದ ಕುದುರೆಗಳನ್ನು ಇಳಿಸುವುದು. ಅದರಲ್ಲಿ ಮಸೂಲಾ ದೋಣಿ, ಕಟ್ಟುಮರಗಳೂ ಇವೆ. ಮರೀನಾ ಕುದುರೆಯ ವಂಶವೃಕ್ಷ ಹುಡುಕುವವರು ಮೊದಲು ನೋಡಬೇಕಾದ ಚಿತ್ರ ಇದೇ ಎಂದು ನನ್ನ ಅಭಿಪ್ರಾಯ.

ಬೆಂಗಳೂರಿಗೆ ಸಮುದ್ರವಿಲ್ಲ. ಆದರೂ ಈ ಕಥೆಯಲ್ಲಿ ಅದಕ್ಕೂ ಜಾಗವಿದೆ. 1824ರಲ್ಲಿ ಶಿರಾಜ್‌ನಿಂದ ಕುದುರೆಗಳೊಂದಿಗೆ ಬಂದು ದಂಡು ಪ್ರದೇಶದಲ್ಲಿ ನೆಲೆಸಿದ ಆಗಾ ಅಲಿ ಅಸ್ಕರ್, ಬ್ರಿಟಿಷರಿಗೆ ಕುದುರೆ ಒದಗಿಸಿ ದೊಡ್ಡ ಮನುಷ್ಯನಾದ. ಇಂದಿನ ಅಲಿ ಅಸ್ಕರ್ ರಸ್ತೆ ಅವನದೇ ಹೆಸರು. ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವನ ಮೊಮ್ಮಗ. ಕುದುರೆ ಕಾಲಿನ ಧೂಳಿನಿಂದ ಎಂಥ ಮನೆತನಗಳು ಎದ್ದವು ನೋಡಿ.

ಹಾಗಿದ್ದರೆ ಯುದ್ಧದ ಕುದುರೆ ಮಕ್ಕಳ ಆಟಿಕೆಯಾದದ್ದು ಯಾವಾಗ? ಅದಕ್ಕೆ ಮುಂಬಯಿಗೆ ವಾಪಸು ಬರಬೇಕು.

1874ರ ಮೇ 9ರಂದು ಮುಂಬಯಿಯಲ್ಲಿ ಟ್ರಾಮ್ ಆರಂಭವಾಯಿತು. ಎಳೆಯುತ್ತಿದ್ದದ್ದು ಕುದುರೆ. ಕಂಪನಿಯ ಲಾಯದಲ್ಲಿ ಸುಮಾರು 900 ಕುದುರೆಗಳಿದ್ದವಂತೆ. ಅದೇ 1874ರಲ್ಲಿ ಮುಂಬಯಿಯ ಪ್ರಾಣಿದಯಾ ಸಂಘವೂ ಹುಟ್ಟಿತು ಎಂಬುದನ್ನು ಗಮನಿಸಿ. ಕೆಲವು ವರ್ಷಗಳ ನಂತರ, 1883ರಲ್ಲಿ, ಪರೇಲಿನಲ್ಲಿ ಸರ್ ದಿನ್ಶಾ ಪೆಟಿಟ್ ಅವರ ದಾನದಿಂದ ಅವರ ಪತ್ನಿ ಸಕರ್‌ಬಾಯಿಯವರ ಹೆಸರಿನ ಪಶು ಆಸ್ಪತ್ರೆ ಬಂತು. ಆ ಸುಮಾರಿಗೇ ಭಾಯಖಳಾದಲ್ಲಿದ್ದ ರೇಸ್ ಮೈದಾನ ಮಹಾಲಕ್ಷ್ಮಿಗೆ ಹೋಯಿತು. ಒಂದೇ ಊರಲ್ಲಿ, ಹತ್ತು ವರ್ಷದೊಳಗೆ, ಕುದುರೆಯ ಬೆವರು, ಕುದುರೆಯ ಜೂಜು, ಕುದುರೆಯ ಔಷಧೋಪಚಾರ ಮೂರೂ ವ್ಯವಸ್ಥಿತವಾದವು!

1907ರ ಮೇ 7ರಂದು ವಿದ್ಯುತ್ ಟ್ರಾಮ್ ಓಡಿತು. ಹಿಂದೆಯೇ ಮೋಟಾರು ಕಾರು, ಬಸ್ಸು. ಸೈನ್ಯದಲ್ಲೂ ಕುದುರೆಯ ದಿನ ಮುಗಿಯುತ್ತ ಬಂದಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರೊಂದಿಗೆ ಕುದುರೆಯೇರಿ ನುಗ್ಗಿದ ನಮ್ಮ ಮೈಸೂರು ಲ್ಯಾನ್ಸರ್‌ಗಳ ಸಾಹಸ, ಅಂಥ ಕಾಳಗಗಳ ಕೊನೆಯ ಸಾಲಿನದು. ಕೆಲಸ ಕಳೆದುಕೊಂಡ ಕುದುರೆಗೆ ಉಳಿದದ್ದು ಎರಡೇ ಜಾಗ, ರೇಸು ಮತ್ತು ವಿನೋದ. ರಾಣಿಯ ಹೆಸರು ಹೊತ್ತ ವಿಕ್ಟೋರಿಯಾ ಗಾಡಿಗಳು ಮೊದಲು ಟ್ಯಾಕ್ಸಿಯಾಗಿದ್ದವು, ಆಮೇಲೆ ಬೆಳ್ಳಿ ಬಣ್ಣದ ತಗಡು ಹೊದ್ದು ಗೇಟ್‌ವೇ, ಮರೀನ್ ಡ್ರೈವ್‌ಗಳಲ್ಲಿ ಪ್ರವಾಸಿಗರನ್ನು ಸುತ್ತಿಸುವ ರಥಗಳಾದವು. ಚೌಪಾಟಿ, ಜುಹೂ ದಂಡೆಗಳಲ್ಲಿ ಗಾಡಿಯೂ ಇಲ್ಲದೆ ಬರೀ ಬೆನ್ನು ಬಾಡಿಗೆಗೆ ಬಂತು.

ಇಲ್ಲಿ ಒಂದು ಲೆಕ್ಕವನ್ನು ನಿಮ್ಮ ಮುಂದಿಡಬೇಕು. ರೇಸಿನ ಕುದುರೆ ಎರಡು ಮೂರು ವರ್ಷಕ್ಕೇ ಓಟಕ್ಕೆ ಇಳಿಯುತ್ತದೆ. ಆರೇಳು ವರ್ಷಕ್ಕೆ ಹೆಚ್ಚಿನವುಗಳ ಓಟ ಮುಗಿದಿರುತ್ತದೆ. ಆದರೆ ಕುದುರೆಯ ಆಯುಸ್ಸು 25ರಿಂದ 30 ವರ್ಷ. ಉಳಿದ ಇಪ್ಪತ್ತು ವರ್ಷ ಅದಕ್ಕೆ ಮೇವು ಹಾಕುವವರು ಯಾರು? ಅದಕ್ಕೆ ದಿನಕ್ಕೆ ಸುಮಾರು ಎಂಟು ಕಿಲೋ ಒಣಮೇವು, ಎರಡು ಮೂರು ಬಕೆಟ್ ನೀರು ಬೇಕು. ಲಕ್ಷಗಟ್ಟಲೆ ಬೆಲೆಯ ಕುದುರೆ ಕೈಯಿಂದ ಕೈಗೆ ಇಳಿಯುತ್ತ ಮದುವೆ ಮೆರವಣಿಗೆಗೆ, ಅಲ್ಲಿಂದ ಮರಳಿಗೆ ಬಂದು ನಿಲ್ಲುತ್ತದೆ. ಗಿಂಡಿಯಲ್ಲಿ ಓಡಿದ್ದು ಮರೀನಾದಲ್ಲಿ ನಡೆಯುತ್ತದೆ. ಹಗ್ಗ ಹಿಡಿದು ಪಕ್ಕದಲ್ಲಿ ಓಡುವ ಹುಡುಗನೂ ಹೆಚ್ಚಾಗಿ ಕುದುರೆಯ ಮಾಲೀಕನಲ್ಲ, ಸುತ್ತಿನ ಲೆಕ್ಕದಲ್ಲಿ ದುಡಿಯುವವನು. ಅವನನ್ನು ರಾಕ್ಷಸನನ್ನಾಗಿ ಮಾಡಿ ನಾವು ಪಾರಾಗುವ ಹಾಗಿಲ್ಲ. ಸುತ್ತು ಕಡಿಮೆಯಾದರೆ ಕುದುರೆಗೂ ಅವನಿಗೂ ಒಟ್ಟಿಗೇ ಹೊಟ್ಟೆಗಿಲ್ಲ.

ಕಾನೂನು ಬರಲಿಲ್ಲವೇ ಎಂದು ಕೇಳುತ್ತೀರಿ. ಬಂದಿದೆ, ಬಹಳ ಹಿಂದೆಯೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು ಅದರಡಿ ಎಳೆಯುವ, ಹೊರುವ ಪ್ರಾಣಿಗಳಿಗಾಗಿ ಬಂದ 1965ರ ನಿಯಮಗಳನ್ನು ಓದಿದರೆ ಆಶ್ಚರ್ಯವಾಗುತ್ತದೆ. ಅಂಥ ಪ್ರಾಣಿಯಿಂದ ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೆ ಐದು ಗಂಟೆಗಿಂತ ಹೆಚ್ಚು ಕೆಲಸ ತೆಗೆಯುವಂತಿಲ್ಲ. ತಾಪಮಾನ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸವೇ ಇಲ್ಲ. ಹೊರೆ ಹೊರುವ ತಟ್ಟು ಕುದುರೆಗೆ 70 ಕಿಲೋ ಮಿತಿ. ಸವಾರಿಗೂ ಸೇರಿದಂತೆ, ಮುಳ್ಳಿನ ಕಡಿವಾಣ ಬಳಸುವಂತಿಲ್ಲ. ಇನ್ನು ಕಾಯ್ದೆಯ ದಂಡ ಕೇಳಿ. ಮೊದಲ ಅಪರಾಧಕ್ಕೆ ಬರೆದಿರುವುದು 10 ರೂಪಾಯಿಯಿಂದ 50 ರೂಪಾಯಿ! ಸತ್ತ ಕುದುರೆಯ ಬಾಲಕ್ಕೆ ಮುನ್ನೂರಕ್ಕೂ ಹೆಚ್ಚು ಪರದಾವು ಸಿಕ್ಕಿದ್ದ ನಾಡಿನಲ್ಲಿ ಜೀವಂತ ಕುದುರೆಯ ಬಾಯಿ ಹರಿದರೆ ಒಂದು ಪ್ಲೇಟು ಭೇಲ್‌ಪುರಿಯ ದುಡ್ಡು.

ಮುಂಬಯಿಯ ವಿಕ್ಟೋರಿಯಾಗಳ ವಿಷಯದಲ್ಲಿ ಮಾತ್ರ ನ್ಯಾಯಾಲಯ ದೊಡ್ಡ ಹೆಜ್ಜೆ ಇಟ್ಟಿತು. 2015ರ ಜೂನ್ 8ರಂದು ಬಾಂಬೆ ಹೈಕೋರ್ಟ್, ಬರೀ ಮನುಷ್ಯರ ಮೋಜಿಗಾಗಿ ಕುದುರೆ ಗಾಡಿ ಓಡಿಸುವುದು ಕಾನೂನುಬಾಹಿರ ಎಂದಿತು. ಒಂದು ವರ್ಷದಲ್ಲಿ ಅವನ್ನು ನಿಲ್ಲಿಸಬೇಕು, ಪರವಾನಗಿ ಇಲ್ಲದ ಲಾಯಗಳನ್ನು ಮುಚ್ಚಬೇಕು, ಗಾಡಿಯವರಿಗೆ ಪುನರ್ವಸತಿ ಕಲ್ಪಿಸಬೇಕು ಎಂದು ಆದೇಶಿಸಿತು. ಗಾಡಿಗಳು ನಿಂತವು. ಪುನರ್ವಸತಿ ಎಂಬುದು ಎಂದಿನಂತೆ ಕುಂಟುತ್ತ ಬಂತು. 2021ರ ಮಾರ್ಚ್‌ನಲ್ಲಿ ಕುದುರೆ ಇಲ್ಲದ, ಬ್ಯಾಟರಿಯ ವಿಕ್ಟೋರಿಯಾಗಳನ್ನು ಬಿಡುಗಡೆ ಮಾಡಿದರು. ದಕ್ಷಿಣ ಮುಂಬಯಿಯ ಕಾಲಾ ಘೋಡಾ ಪ್ರದೇಶ ನಿಮಗೆ ಗೊತ್ತು. ಆ ಹೆಸರಿಗೆ ಕಾರಣವಾದ, ರಾಜಕುಮಾರ ಕುಳಿತಿದ್ದ ಕಪ್ಪು ಕುದುರೆಯ ಪ್ರತಿಮೆಯನ್ನು 1965ರಲ್ಲಿ ತೆಗೆದು ಭಾಯಖಳಾದ ಉದ್ಯಾನಕ್ಕೆ ಸಾಗಿಸಿದ್ದರು. 2017ರಲ್ಲಿ ಅಲ್ಲಿ ಹೊಸ ಕುದುರೆ ನಿಲ್ಲಿಸಿದರು. ಈ ಸಲ ಬೆನ್ನ ಮೇಲೆ ಯಾರೂ ಇಲ್ಲ.

ಮರಳಿನ ಮೇಲಿನ ಕುದುರೆಯ ಪಾಡು ಗಾಡಿಯ ಕುದುರೆಗಿಂತ ಬೇರೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಲೆ ಬಂದು ಹೋಗುವ ಜಾಗದ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಅಲ್ಲಿ ನಡೆಯುವುದು ಕುದುರೆಗೆ ಹಿತ. ಆದರೆ ಸಂಜೆ ಐದರ ನಂತರ ಆ ಜಾಗದಲ್ಲಿ ಪ್ಯಾಂಟು ಮಡಚಿಕೊಂಡು ನಾವೇ ನಿಂತಿರುತ್ತೇವೆ! ಕುದುರೆ ಮೇಲಿನ ಒಣ ಮರಳಿಗೆ ಸರಿಯಬೇಕು. ಅಲ್ಲಿ ಗೊರಸು ಹೂತುಹೋಗುತ್ತದೆ, ಪ್ರತಿ ಹೆಜ್ಜೆಗೂ ಕಾಲಿನ ಸ್ನಾಯುರಜ್ಜುಗಳನ್ನು ಎಳೆದು ಎತ್ತಬೇಕು. ಓಡಿ ಓಡಿ ಸವೆದ ಕಾಲಿಗೆ ಅದು ಎಂಥ ಶಿಕ್ಷೆ ಎಂದು ಬೇರೆ ಹೇಳಬೇಕಾಗಿಲ್ಲ. ಮರಳಲ್ಲಿ ಮುಚ್ಚಿಹೋದ ಬಾಟಲಿ ಚೂರುಗಳ ಮಾತು ಹಾಗಿರಲಿ.

ಇನ್ನು ಅದರ ಕಣ್ಣು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಸುತ್ತಲಿನ ಬಹುಪಾಲು ಅದಕ್ಕೆ ಕಾಣುತ್ತದೆ. ಕಾಣದಿರುವುದು ಎರಡು ಜಾಗ, ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ. ಅದು ಹೆದರಿದರೆ ಓಡುವ ಪ್ರಾಣಿ, ಓಡಲಾಗದಿದ್ದರೆ ಒದೆಯುವ ಪ್ರಾಣಿ. ಬಲೂನು ಒಡೆಯುವ ಸದ್ದು, ತಲೆಯ ಮೇಲೆ ಹಾರುವ ಮಿನುಗು ಬೆಳಕಿನ ಆಟಿಕೆ, ಕಾಲ ಸಂದಿಯಲ್ಲಿ ನುಗ್ಗುವ ಚೆಂಡು, ಹಿಂದಿನಿಂದ ಬಂದು ಬಾಲ ಮುಟ್ಟುವ ಮಗು, ಇವೆಲ್ಲದರ ನಡುವೆ ಅದು ಸುಮ್ಮನೆ ತಲೆ ತಗ್ಗಿಸಿ ನಡೆಯುತ್ತದೆ ಎಂದರೆ, ಒಂದೋ ಅಪಾರ ತಾಳ್ಮೆಯದು, ಇಲ್ಲವೇ ತೀರಾ ದಣಿದದ್ದು. ದಣಿದದ್ದೇ ಹೆಚ್ಚು ಎಂದು ನನ್ನ ಅನುಮಾನ.

ಆದ್ದರಿಂದ ಮುಂದಿನ ಸಲ ಮಗು ಕಾಲುನೋವು ಎಂದಾಗ ಹಣ ಕೊಡುವ ಮೊದಲು ಅರೆ ನಿಮಿಷ ನಿಂತು ನೋಡಿ. ನಾಲ್ಕು ಕಾಲಿನ ಮೇಲೂ ಸಮ ಭಾರ ಬಿಟ್ಟಿದೆಯೇ, ಒಂದು ಮುಂಗಾಲನ್ನು ಎತ್ತೆತ್ತಿ ಇಡುತ್ತಿದೆಯೇ? ಪಕ್ಕೆಲುಬು ಎಣಿಸುವ ಹಾಗಿದೆಯೇ? ಜೀನಿನ ಅಂಚಿನಲ್ಲಿ ಗಾಯವಿದೆಯೇ, ಬಾಯಂಚಿನಲ್ಲಿ ರಕ್ತದ ಕಲೆ ಇದೆಯೇ? ಹತ್ತಿರದಲ್ಲಿ ಒಂದು ಬಕೆಟ್ ನೀರಾದರೂ ಕಾಣುತ್ತದೆಯೇ? ‘ಎಷ್ಟು ಹೊತ್ತಿಗೆ ನೀರು ಕುಡಿಸಿದೆ?’ ಎಂದು ಹುಡುಗನನ್ನು ಕೇಳಿ. ಗಿರಾಕಿ ಕೇಳುವ ಪ್ರಶ್ನೆಗೆ ಇರುವ ಬೆಲೆ 50 ರೂಪಾಯಿ ದಂಡಕ್ಕಿಲ್ಲ. ಎಂಬತ್ತು ಕಿಲೋ ತೂಗುವ ಭಾವಮೈದುನ ಫೋಟೋಗಾಗಿ ಹತ್ತುತ್ತೇನೆ ಎಂದರೆ, 70 ಕಿಲೋ ನಿಯಮವನ್ನು ಅವರಿಗೆ ನಗುತ್ತಲೇ ಹೇಳಿಬಿಡಿ. ಮಗುವನ್ನು ಹತ್ತಿಸಲೇಬೇಕೆಂದಿದ್ದರೆ ಬೆಳಗಿನ ಹೊತ್ತು, ಜನ ಕಡಿಮೆ ಇರುವಾಗ, ಒದ್ದೆ ಮರಳಿನ ಮೇಲೆ ಹೋಗಿ. ಕುದುರೆಯ ಹಿಂದೆ ಮಾತ್ರ ಯಾರನ್ನೂ ನಿಲ್ಲಿಸಬೇಡಿ.

ಅಂದಹಾಗೆ, ಚೌಪಾಟಿಯಲ್ಲೋ ಮರೀನಾದಲ್ಲೋ ಕುದುರೆಯ ಮೇಲೆ ಕೂತು ತೆಗೆಸಿಕೊಂಡ ಅಪ್ಪನದೋ ಅಜ್ಜನದೋ ಕಪ್ಪು-ಬಿಳುಪು ಫೋಟೋ ನಿಮ್ಮ ಮನೆಯ ಟ್ರಂಕಿನಲ್ಲಿದ್ದರೆ ಇಸವಿಯ ಸಮೇತ ನಮಗೆ ಬರೆದು ತಿಳಿಸಿ. ಫೋಟೋದಲ್ಲಿ ಹಗ್ಗ ಹಿಡಿದು ನಿಂತವನ ಹೆಸರು ಯಾರಿಗಾದರೂ ನೆನಪಿದ್ದರೆ ಅದನ್ನೂ ಬರೆಯಿರಿ.